ಪಕುಲೆ ಕಾದು ನಿಂತ ತಿರುವು

ಸತ್ತವರ ಹೆಸರನ್ನು ನಮ್ಮಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಆ ಮನೆಯವರ ಎದೆಗೆ ಮುಳ್ಳು ಚುಚ್ಚಿದ ಹಾಗೆ. ಈ ಕಟ್ಟಳೆಯಿಂದ ನನಗೇನೂ ಕಷ್ಟವಾಗಲಿಲ್ಲ. ನನ್ನ ಗೆಳೆಯನನ್ನು ಹೆಸರು ಹಿಡಿದು ಕರೆಯುವುದನ್ನು ನಾನು ಹರೆಯದಲ್ಲೇ ಬಿಟ್ಟಿದ್ದೆ.

ನಮ್ಮ ಮಾಸಾಯಿಗಳಲ್ಲಿ ಒಬ್ಬ ಇನ್ನೊಬ್ಬನಿಗೆ ಕರು ಕೊಟ್ಟರೆ, ಆಮೇಲೆ ಇಬ್ಬರೂ ಹೆಸರು ಬಿಟ್ಟು ‘ಕರುವಿನವನೇ’ ಎಂದು ಒಬ್ಬರನ್ನೊಬ್ಬರು ಕರೆದುಕೊಳ್ಳುತ್ತಾರೆ. ಆಡು ಕೊಟ್ಟರೆ ‘ಆಡಿನವನೇ’. ಅವನು ನನಗೆ ಕರುವನ್ನೂ ಕೊಡಲಿಲ್ಲ, ಆಡನ್ನೂ ಕೊಡಲಿಲ್ಲ. ಕೊಟ್ಟಿದ್ದು ಹಾಲು, ಅದೂ ಬಿಸಿಲಿಗೆ ಒಡೆಯುವುದರಲ್ಲಿದ್ದ ಹಾಲು. ಕುಲೆ ಎಂದರೆ ನಮ್ಮ ಮಾತಿನಲ್ಲಿ ಹಾಲು. ಅದಕ್ಕೇ ನಾನು ಅವನನ್ನು ಪಕುಲೆ, ಅಂದರೆ ಹಾಲಿನವನೇ, ಎಂದೆ, ಮೊದಲು ಅಣಕಕ್ಕೆ, ಆಮೇಲೆ ರೂಢಿಗೆ. ಅವನೂ ನನ್ನನ್ನು ಪಕುಲೆ ಎಂದೇ ಕರೆದ. ಊರಿನವರಿಗೆಲ್ಲ ನಾನು ಸಿರೋಂಕಾ. ಪಕುಲೆ ಎನ್ನುತ್ತಿದ್ದವನು ಅವನೊಬ್ಬನೇ. ಹೋದ ಮಳೆಗಾಲದಲ್ಲಿ ಆ ಹೆಸರೂ ಅವನ ಜೊತೆಗೇ ಹೋಯಿತು.

ಅವನು ದೊಡ್ಡ ಮನುಷ್ಯನೇನಲ್ಲ. ಓಲೆರೈ ಅಭಯಾರಣ್ಯದಲ್ಲಿ ಸೈಕಲ್ ತುಳಿಯಲು ಬರುವವರನ್ನು ಕಾಡೊಳಗೆ ಕರೆದುಕೊಂಡು ಹೋಗಿ ಸುರಕ್ಷಿತವಾಗಿ ವಾಪಸು ತರುವುದು ಅವನ ಕೆಲಸ. ಉದ್ದ ಕಾಲು, ಕೆಳಗಿನ ಸಾಲಿನಲ್ಲಿ ನಮ್ಮೆಲ್ಲರಂತೆ ಕಿತ್ತ ಹಲ್ಲು, ತೋಳಿನಷ್ಟು ದಪ್ಪದ ಬಿದಿರು ತೂರುವಂಥ ಕಿವಿಯ ತೂತು. ಆ ತೂತಿನಲ್ಲಿ ನಮ್ಮಪ್ಪಂದಿರು ಮಣಿಸರ ನೇತುಹಾಕುತ್ತಿದ್ದರು. ಇವನು ಸೈಕಲ್ ಚೈನಿನ ಕೊಂಡಿ ನೇತುಹಾಕಿಕೊಂಡಿದ್ದ. ಕಾಡಿನ ನಡುವೆ ಯಾರದಾದರೂ ಚೈನು ಹರಿದರೆ ಕಿವಿಗೆ ಕೈ ಹಾಕಿ, ಕೊಂಡಿ ಬಿಚ್ಚಿ, ಅಲ್ಲೇ ಜೋಡಿಸಿಬಿಡುತ್ತಿದ್ದ. ನೋಡಿದವರು ಬೆರಗಾಗುತ್ತಿದ್ದರು. ನಾನು ಮಾತ್ರ, ಜೇಬು ಇಲ್ಲದವನು ಇನ್ನೆಲ್ಲಿ ಇಟ್ಟುಕೊಳ್ಳಬೇಕು ಎನ್ನುತ್ತಿದ್ದೆ.

ಕಾಡೊಳಗೆ ಮೊದಲ ಸಲ ಓಟದ ಪಂದ್ಯ ಇಟ್ಟಾಗ ನಾವಿಬ್ಬರೂ ಮೊರಾನ್‌ಗಳು. ಅಂದರೆ ಸುನ್ನತಿ ಆಗಿ, ಇನ್ನೂ ಮದುವೆಯಾಗದೆ, ಈಟಿ ಹಿಡಿದು, ಕೂದಲಿಗೆ ಕೆಮ್ಮಣ್ಣು ಬಳಿದುಕೊಂಡು ಸೊಕ್ಕಿನಿಂದ ತಿರುಗುವ ಕಾಲ. ಅಭಯಾರಣ್ಯದ ಕಚೇರಿಯವರು ನಮ್ಮ ಹಟ್ಟಿಗೆ ಬಂದು ಓಟದ ವಿಷಯ ತಿಳಿಸಿದರು. ದೊಡ್ಡ ಗೇಟಿನಿಂದ ಹೊರಟು, ಮುಳ್ಳುಜಾಲಿಯ ಬಯಲು ದಾಟಿ, ಹೊಳೆಗೆ ಇಳಿದು, ಕಲ್ಲುಗುಡ್ಡ ಹತ್ತಿ, ನಮ್ಮ ಹಟ್ಟಿಯ ತಿರುವಿನಿಂದ ಮತ್ತೆ ಗೇಟಿಗೆ. ನಮ್ಮ ಹಿರಿಯರೊಬ್ಬರು ಎಲ್ಲವನ್ನೂ ಕೇಳಿಸಿಕೊಂಡು, ಯಾರ ದನ ಕಳವಾಗಿದೆ ಎಂದು ಕೇಳಿದರು. ಯಾರದೂ ಇಲ್ಲ ಎಂದರು. ಹಾಗಾದರೆ ಯಾರು ಅಟ್ಟಿಸಿಕೊಂಡು ಬರುತ್ತಾರೆ? ಯಾರೂ ಇಲ್ಲ. ಹಿರಿಯರು ಮೂಗಿನ ಮೇಲೆ ಬೆರಳಿಟ್ಟು ಎದ್ದು ಹೋದರು.

ನನಗೂ ಹಾಗೇ ಅನ್ನಿಸಿತ್ತು. ಆದರೆ ಪಕುಲೆಯ ಕಿವಿ ನಿಂತದ್ದು ಒಂದೇ ಮಾತಿನ ಮೇಲೆ. ಗೆದ್ದವರಿಗೆ ಸೈಕಲ್ ಬಹುಮಾನ.

ಅದನ್ನು ಗೇಟಿನ ಹತ್ತಿರದ ತಗಡಿನ ಮಾಡಿನ ಕೋಣೆಯಲ್ಲಿ ನಿಲ್ಲಿಸಿದ್ದರು. ನೀಲಿ ಬಣ್ಣದ ಗೇರಿನ ಸೈಕಲ್, ಮುಂದೆ ಕುಲುಕು ತಡೆಯುವ ಸ್ಪ್ರಿಂಗು, ದಪ್ಪ ಹಲ್ಲಿನ ಟೈರು. ಅಲ್ಲಿಯವರೆಗೆ ನಾವು ಕಂಡದ್ದು ಅಂಗಡಿಯವನ ಕಪ್ಪು ಸೈಕಲ್ ಒಂದೇ. ಅದು ಕತ್ತೆಯಷ್ಟು ಭಾರ, ಕತ್ತೆಯಷ್ಟೇ ಹಟಮಾರಿ. ಅದರ ಮೇಲೆಯೇ ಪಕುಲೆ ಬಿದ್ದು ಎದ್ದು ಕಲಿತಿದ್ದ. ಈಗ ದಿನಾ ಸಂಜೆ ದನ ಹಟ್ಟಿಗೆ ಸೇರಿದ ಮೇಲೆ ಗೇಟಿನವರೆಗೂ ಹೋಗಿ ನೀಲಿ ಸೈಕಲ್ ನೋಡಿಕೊಂಡು ಬರುತ್ತಿದ್ದ. ಹುಡುಗಿ ನೋಡಲು ಹೋದವನೂ ಅಷ್ಟು ಹೊತ್ತು ನಿಲ್ಲುವುದಿಲ್ಲ. ನನ್ನ ಜನ್ಮದಲ್ಲಿ ಇದೊಂದು ಸಿಕ್ಕರೆ ಬೇರೇನೂ ಬೇಡ ಎಂದು ಒಂದು ಸಂಜೆ ನನ್ನ ಹತ್ತಿರ ಹೇಳಿದ. ಅವನು ಹಾಗೆಲ್ಲ ಬೇಕು ಬೇಕು ಎನ್ನುವವನಲ್ಲ. ಅದಕ್ಕೇ ನಾನೂ ಹೆಸರು ಕೊಟ್ಟೆ. ಓರಗೆಯವನನ್ನು ಒಂಟಿಯಾಗಿ ಎಲ್ಲಿಗೂ ಕಳಿಸಬಾರದಲ್ಲ.

ಓಟಕ್ಕೆ ನಾವು ತಯಾರಾದ ರೀತಿ ಕೇಳಿದರೆ ಈಗಿನ ಹುಡುಗರು ನಗುತ್ತಾರೆ. ಹೆಂಗಸರ ಕಣ್ಣಿಗೆ ಬೀಳದ ಹಾಗೆ ಒಂದು ಹೋರಿ ಹೊಡೆದುಕೊಂಡು ಗುಡ್ಡದ ಮರೆಗೆ ಹೋಗಿ, ತೊಗಟೆ ಬೇರು ಹಾಕಿ ಕುದಿಸಿದ ಕಹಿ ಸಾರು ಕುಡಿಯುತ್ತ, ಆ ಹೋರಿ ಮುಗಿಯುವವರೆಗೂ ತಿಂದೆವು. ಸಿಂಹದ ಬೇಟೆಗೆ ಹೋಗುವ ಮೊದಲು ನಮ್ಮಪ್ಪಂದಿರು ಮಾಡುತ್ತಿದ್ದುದು ಅದನ್ನೇ. ಆ ಮಾಂಸ ಪಕುಲೆಯ ಕಾಲಿಗೆ ಹೋಯಿತು. ನನ್ನದು ಹೊಟ್ಟೆಯಲ್ಲೇ ಉಳಿಯಿತು.

ಓಟದ ದಿನ ಬೆಳಗಾಗುವ ಮೊದಲೇ ಸಣ್ಣ ವಿಮಾನವೊಂದು ತಗ್ಗಿನಲ್ಲಿ ಹಾರಿ ಸಿಂಹ, ಆನೆಗಳನ್ನು ದಾರಿಯಿಂದ ಆಚೆ ಓಡಿಸಿತು. ದಿಬ್ಬದಿಂದ ದಿಬ್ಬಕ್ಕೆ ಬಂದೂಕಿನ ಕಾವಲುಗಾರರು ನಿಂತರು. ನಮ್ಮ ಓರಗೆಯ ಮಿಕ್ಕವರು ದನಗಳನ್ನು ಹೊಡೆದುಕೊಂಡು ಬೆಟ್ಟದ ಹಿಂದಕ್ಕೆ ಹೋದರು. ಪಕುಲೆ ಟೈರಿನ ಚಪ್ಪಲಿ ಮೆಟ್ಟಿ, ಕೆಂಪು ಹೊದಿಕೆಯನ್ನು ಸೊಂಟಕ್ಕೆ ಬಿಗಿದು ಹೊರಟವನು ಬಯಲು ದಾಟುವಷ್ಟರಲ್ಲಿ ಎಲ್ಲರಿಗಿಂತ ಮುಂದಿದ್ದ. ನಾನು ಮೂರು ಕಡೆ ಪೊದೆಯ ಮರೆಗೆ ಕೂತು ಎದ್ದೆ. ಹೋರಿ ಸೇಡು ತೀರಿಸಿಕೊಳ್ಳುತ್ತಿತ್ತು.

ಮುಂದಿನದನ್ನು ನಾನು ಕಂಡಿಲ್ಲ, ಅವನ ತಾಯಿಯ ಬಾಯಿಂದ ಕೇಳಿದ್ದು. ನಮ್ಮ ಹಟ್ಟಿಯ ತಿರುವಿನಲ್ಲಿ ಕಚೇರಿಯವರು ನೀರಿನ ಮೇಜು ಹಾಕಿದ್ದರು. ಬಂದವರು ನಮ್ಮ ಹಾಲಿನ ರುಚಿಯನ್ನೂ ನೋಡಲಿ ಎಂದು ಅವನ ತಾಯಿ ಮಣಿ ಕಟ್ಟಿದ ಸೋರೆಬುರುಡೆಯನ್ನು ಹೊಗೆಗೆ ಹಿಡಿದು, ಹಾಲು ತುಂಬಿ ತಂದು ನಿಂತಿದ್ದಳು. ಮೊದಲು ಬಂದವನೇ ಅವಳ ಮಗ. ಹಿಂದೆ ಕಣ್ಣಿಗೆ ಕಾಣುವಷ್ಟು ದೂರ ಯಾರೂ ಇಲ್ಲ. ಅವಳಿಗೆ ಹಿಗ್ಗೋ ಹಿಗ್ಗು. ಬುರುಡೆಯನ್ನು ಅವನ ಕೈಗೆ ಕೊಟ್ಟಳು.

ತಾಯಿ ಕೊಟ್ಟ ಹಾಲು ಬೇಡ ಎನ್ನುವಂತಿಲ್ಲ. ಮೊರಾನ್ ಆದವನು ಓರಗೆಯವನು ಜೊತೆಗಿಲ್ಲದೆ ಹಾಲು ಕುಡಿಯುವಂತಿಲ್ಲ. ಬಿಸಿತುಪ್ಪದ ಹಾಗಾಯಿತು, ನುಂಗುವಂತೆಯೂ ಇಲ್ಲ, ಉಗುಳುವಂತೆಯೂ ಇಲ್ಲ. ಕೊಟ್ಟಮೇಲೆ ಅವಳಿಗೂ ತಪ್ಪಿನ ಅರಿವಾಯಿತಂತೆ. ವಾಪಸು ಕೊಡು, ಓಡು ಎಂದಳಂತೆ. ಒಮ್ಮೆ ತಾಯಿಯ ಕೈ ಬಿಟ್ಟ ಬುರುಡೆ ತುಂಬಿದ್ದು ತುಂಬಿದ ಹಾಗೆ ತಾಯಿಯ ಕೈಗೆ ಮರಳಬಾರದು, ನಿನಗೇ ಕೆಟ್ಟದ್ದು ಎಂದು ಅವನು ತಲೆಯಾಡಿಸಿ ಜಾಲಿಮರದ ನೆರಳಿಗೆ ಸರಿದು ನಿಂತ.

ನಾನು ಏದುಸಿರು ಬಿಡುತ್ತ ತಿರುವಿಗೆ ಬಂದಾಗ ಅವನು ಅಲ್ಲೇ ಇದ್ದ. ಎರಡು ಕೈಯಲ್ಲಿ ಬುರುಡೆ, ಬಾಯಿಯ ಸುತ್ತ ನೊಣ. ಅಷ್ಟರಲ್ಲಿ ಓಟಕ್ಕೆ ಹೆಸರಾದ ಎತ್ತರದ ನಾಡಿನ ಹುಡುಗರು, ನೈರೋಬಿಯ ಗುಮಾಸ್ತರು, ಬಿಳಿಯ ಹೆಂಗಸರು ಎಲ್ಲ ಅವನನ್ನು ದಾಟಿ ಹೋಗಿದ್ದರು. ಘೇಂಡಾಮೃಗದ ವೇಷ ಹಾಕಿಕೊಂಡು ಓಡುತ್ತಿದ್ದ ಒಬ್ಬ ದಡಿಯನೂ ದಾಟಿ ಹೋಗಿದ್ದ.

“ಏನೋ ಇಲ್ಲಿ ನಿಂತಿದ್ದೀಯ? ಗೆದ್ದಿರ್ತೀಯ ಅಂದ್ಕೊಂಡಿದ್ದೆ” ಎಂದೆ.

“ಅವ್ವ ಹಾಲು ಕೊಟ್ಲು.”

“ಕೊಟ್ರೆ ಕುಡಿದು ಓಡ್ಬೇಕಪ್ಪ.”

ಅವನು ನನ್ನನ್ನು ಪೆದ್ದನನ್ನು ನೋಡುವ ಹಾಗೆ ನೋಡಿದ. “ಒಬ್ನೇನಾ?” ಎಂದ.

ಇಬ್ಬರೂ ಕುಡಿದೆವು. ಆ ಹೊಟ್ಟೆಯಲ್ಲಿ ಹಾಲು ಕುಡಿದು ಮುಂದೆ ನನಗೇನಾಯಿತು ಎಂಬುದು ಬೇಡ. ಆದರೆ ಅವನು ನನ್ನನ್ನು ಬಿಟ್ಟು ಓಡಲಿಲ್ಲ. ನಾವು ಗೇಟಿಗೆ ಬರುವಾಗ ಬಹುಮಾನ ಕೊಟ್ಟು ಆಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಇಲ್ಲಿ ಬಾಯಿಗೆ ಬಂದ ಹಾಲೇ ಕೈಯ ತುತ್ತನ್ನು ಕಿತ್ತುಕೊಂಡಿತು. ನನಗಾಗಿ ಕಾಯು ಎಂದು ನಾನೇನೂ ಅವನಿಗೆ ಹೇಳಿರಲಿಲ್ಲ. ಆದರೂ ದಾರಿಯುದ್ದಕ್ಕೂ ಅವನನ್ನು ಬೈಯುತ್ತ ಬಂದೆ. ಅವನು ಒಂದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಗೆದ್ದ ಹುಡುಗ ಒಳ್ಳೆಯವನು. ಪಕುಲೆ ಸೈಕಲ್ಲಿನ ಸೀಟು ಸವರುತ್ತ ನಿಂತದ್ದನ್ನು ಕಂಡು, ಒಂದು ಸುತ್ತು ಹೊಡೆದುಕೊಂಡು ಬಾ ಎಂದ. ಬಯಲಿನಲ್ಲಿ ಜನ ಕಿಕ್ಕಿರಿದಿದ್ದರು. ಪಕುಲೆ ಹತ್ತಿದ, ತುಳಿದ, ನೆಟ್ಟಗೆ ಹೊರಟ. ನಮ್ಮ ಹೊದಿಕೆಗೂ ಸೈಕಲ್ ಚೈನಿಗೂ ಆಗಿಬರುವುದಿಲ್ಲ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಅಂಗಡಿಯವನ ಸೈಕಲ್ಲಿಗೆ ಚೈನಿನ ಮೇಲೆ ತಗಡಿನ ಮುಚ್ಚಳ ಇತ್ತು, ಇದಕ್ಕಿರಲಿಲ್ಲ. ಹೊದಿಕೆಯ ತುದಿಯನ್ನು ಚೈನು ಕಚ್ಚಿತು. ಅವನು ತುಳಿದಷ್ಟೂ ಅದು ಎಳೆದುಕೊಂಡಿತು. ಹಸು ಹುಲ್ಲು ಮೇಯುವಂತೆ ಸ್ವಲ್ಪ ಸ್ವಲ್ಪವೇ ಮೇಯುತ್ತ, ಬಯಲಿನ ತುದಿಯ ಮರ ಸುತ್ತಿ ಬರುವ ಹೊತ್ತಿಗೆ ಇಡೀ ಹೊದಿಕೆಯನ್ನು ಮುಗಿಸಿತ್ತು. ಮೈಮೇಲೆ ಮಣಿಸರ ಬಿಟ್ಟರೆ ಬೇರೇನೂ ಇಲ್ಲ. ಬಿಳಿಯ ಹೆಂಗಸರು ಮರದ ಮೇಲಿನ ಹಕ್ಕಿ ನೋಡತೊಡಗಿದರು. ನಮ್ಮವರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಪಕುಲೆ ಬೀಳಲಿಲ್ಲ, ಹ್ಯಾಂಡಲ್ಲೂ ಬಿಡಲಿಲ್ಲ, ಸುತ್ತು ಪೂರ್ತಿ ಮುಗಿಸಿಯೇ ಇಳಿದ.

ಅಭಯಾರಣ್ಯದ ವ್ಯವಸ್ಥಾಪಕ ಗಿಟೋಂಗಾ ಆಗ ಹೊಸಬ. ಬಟ್ಟೆ ಹೋದರೂ ಸೈಕಲ್ ಬಿಡದವನು ಆನೆ ಬಂದರೂ ಬಿಡುವುದಿಲ್ಲ ಎಂದು ಅವನಿಗೆ ಅನ್ನಿಸಿತಂತೆ. ಒಂದು ಚಡ್ಡಿಯನ್ನೂ ಒಂದು ಕೆಲಸವನ್ನೂ ಒಟ್ಟಿಗೇ ಕೊಟ್ಟ.

ಅಲ್ಲಿಂದ ಮುಂದಿನ ವರ್ಷಗಳನ್ನು ನೆನೆದರೆ ನನಗೆ ಈಗಲೂ ಹೊಟ್ಟೆಕಿಚ್ಚು. ನಾನು ದನದ ಹಿಂದೆ ಧೂಳು ಕುಡಿಯುತ್ತಿದ್ದರೆ ಅವನು ನನ್ನ ಮುಂದೆಯೇ ಗಂಟೆ ಬಾರಿಸುತ್ತ ಹೋಗುತ್ತಿದ್ದ. ಹಿಂದೆ ಹೆಲ್ಮೆಟ್ ಹಾಕಿದ ಅತಿಥಿಗಳ ಸಾಲು. ಸೀಬ್ರಾಗಳು ಸೈಕಲ್ ಕಂಡರೆ ಚೆದುರುತ್ತವೆ. ಜಿರಾಫೆ ಮಾತ್ರ ನಿಂತು, ಕತ್ತು ಬಗ್ಗಿಸಿ, ಸಂಬಂಧಿಕರು ಬಂದರೇನೋ ಎನ್ನುವಂತೆ ನೋಡುತ್ತದೆ. ಇಳಿಜಾರಿನಲ್ಲಿ ತುಳಿಯುವುದನ್ನು ನಿಲ್ಲಿಸಿದಾಗ ಹಿಂದಿನ ಚಕ್ರ ಟಿಕಟಿಕ ಎನ್ನುತ್ತದಲ್ಲ, ಆ ಸದ್ದು ಆನೆಗೆ ಸೇರುವುದಿಲ್ಲ ಎಂಬುದು ಪಕುಲೆಯ ವಾದ. ಆನೆ ಇರುವ ಕಡೆ ಎಲ್ಲರನ್ನೂ ಇಳಿಸಿ, ಸೈಕಲ್ಲುಗಳನ್ನು ಹೆಗಲ ಮೇಲೆ ಹೊರಿಸಿ, ಮಾತಿಲ್ಲದೆ ನಡೆಸುತ್ತಿದ್ದ. ನೈರೋಬಿಯ ದೊಡ್ಡ ದೊಡ್ಡ ಅಧಿಕಾರಿಗಳು ಅವನ ಹಿಂದೆ ಸೈಕಲ್ ಹೊತ್ತು ಕಳ್ಳಹೆಜ್ಜೆ ಇಡುವುದನ್ನು ನೋಡಬೇಕಿತ್ತು. ಒಮ್ಮೆ ನಾನೂ ಹೋಗಿದ್ದೆ. ಆನೆ ಕಿವಿ ಅಗಲಿಸಿದ್ದೇ ನಾನು ಕಾಲಿಗೆ ಬುದ್ಧಿ ಹೇಳಿದೆ. ಅವನು ಅದನ್ನು ಊರೆಲ್ಲ ಹೇಳಿಕೊಂಡು ನಕ್ಕ.

ಆದರೆ ಅವನು ತುಳಿಯುತ್ತಿದ್ದದ್ದು ಕಚೇರಿಯ ಸೈಕಲ್. ಸಂಜೆ ತೊಳೆದು, ಚೈನಿಗೆ ಎಣ್ಣೆ ಬಿಟ್ಟು, ಮಾಡಿನೊಳಗೆ ಇಟ್ಟು, ನಡೆದುಕೊಂಡು ಮನೆಗೆ ಬರಬೇಕು. ಮದುವೆಯಾಯಿತು, ಮಕ್ಕಳಾದವು, ಒಂದು ಬರದಲ್ಲಿ ಅರ್ಧ ದನ ಹೋದವು. ಸ್ವಂತ ಗೇರಿನ ಸೈಕಲ್ ಎಂಬುದು ಹಿಂದೆ ಹಿಂದೆ ಸರಿಯಿತು. ಅವನು ಆ ಮಾತು ಮತ್ತೆ ಎತ್ತಲಿಲ್ಲ. ಮಾಡಿನ ಬಾಗಿಲು ಹಾಕುವಾಗ ಮಾತ್ರ ಒಮ್ಮೆ ಒಳಗೆ ತಿರುಗಿ ನೋಡುತ್ತಿದ್ದ. ಅದನ್ನು ಕಂಡಾಗೆಲ್ಲ ನಾನು ಇನ್ನೂ ಜೋರಾಗಿ ಬೈಯುತ್ತಿದ್ದೆ.

ವರ್ಷಕ್ಕೊಮ್ಮೆ ಓಟದ ದಿನ ಅವನಿಗೆ ಬೇರೆ ಕೆಲಸ. ಎಲ್ಲರಿಗಿಂತ ಹಿಂದೆ, ಕೊನೆಯ ಓಟಗಾರನ ಬೆನ್ನಿಗೆ ಸೈಕಲ್ಲಿನಲ್ಲಿ ಬರುವುದು, ಕಾಡಿನಲ್ಲಿ ಯಾರೂ ಉಳಿಯದಂತೆ ನೋಡುವುದು. ಓಟದ ಬಾಲಂಗೋಚಿ ಎಂದು ನಾನು ಅಣಕಿಸುತ್ತಿದ್ದೆ. ಒಂದು ವರ್ಷ ನೈರೋಬಿಯ ವಕೀಲೆಯೊಬ್ಬಳು ಕಲ್ಲುಗುಡ್ಡದ ಮೇಲೆ ಕೂತುಬಿಟ್ಟಳು. ಏಳುವುದಿಲ್ಲ, ಸಿಂಹ ಬಂದು ತಿಂದರೂ ಸರಿ ಎಂದಳು. ಅವನು ಏಳಿ ಎನ್ನಲಿಲ್ಲ. ಸೈಕಲ್ ಒರಗಿಸಿ, ಸ್ವಲ್ಪ ದೂರದಲ್ಲಿ ಕೂತು, ತನ್ನ ದನಗಳ ಗುಣಗಾನ ಶುರುಮಾಡಿದ. ಕೊಂಬು ಸೊಟ್ಟ ಇರುವುದು, ಮಚ್ಚೆಯದು, ಕರುವನ್ನೇ ಒದೆಯುವ ಜಗಳಗಂಟಿ, ಹೀಗೆ ಒಂದೊಂದನ್ನೂ ಹಾಡಿ ಹೊಗಳಿದ. ಜಗಳಗಂಟಿಯ ಕಥೆಗೆ ಅವಳಿಗೆ ನಗು ಬಂತು, ನಗುತ್ತಾ ಎದ್ದಳು. ಅವರಿಬ್ಬರೂ ಬರುವ ಹೊತ್ತಿಗೆ ಗೇಟಿನಲ್ಲಿ ಡೇರೆ ಬಿಚ್ಚುತ್ತಿದ್ದರು.

ಅವನ ತಾಯಿ ತೀರಿಕೊಂಡ ಮೇಲೆ ತಿರುವಿನ ಮೇಜು ನನ್ನ ಪಾಲಿಗೆ ಬಂತು, ಅದರ ಜೊತೆಗೆ ಆ ಸೋರೆಬುರುಡೆಯೂ. ಈ ತಿರುವನ್ನು ಯಾರೂ ಹಾಲಿಲ್ಲದೆ ದಾಟಬಾರದು ಎಂದು ಅವಳು ಹೇಳಿ ಹೋಗಿದ್ದಳು. ಓಡುವವರಿಗೆ ಲೋಟದಲ್ಲಿ ನೀರು, ಬೇಕೆಂದವರಿಗೆ ಪಾತ್ರೆಯಿಂದ ಹಾಲು. ಬುರುಡೆಯ ಹಾಲು ಮಾತ್ರ ನಮ್ಮಿಬ್ಬರಿಗೆ. ಎಲ್ಲರೂ ಹೋದ ಮೇಲೆ ಅವನು ಬಂದು ಸೈಕಲ್ಲನ್ನು ಅದೇ ಜಾಲಿಮರಕ್ಕೆ ಒರಗಿಸುತ್ತಿದ್ದ.

“ಎಷ್ಟ್ ಹೊತ್ತಾಯ್ತೋ ಪಕುಲೆ, ಕಾಯ್ತಾ?” ಎನ್ನುತ್ತಿದ್ದ.

“ನಿನ್ನಷ್ಟಲ್ಲ ಬಿಡೋ” ಎನ್ನುತ್ತಿದ್ದೆ.

ಪ್ರತಿ ವರ್ಷವೂ ಅದೇ ಮಾತು. ನಮ್ಮ ಮೊರಾನ್ ಕಾಲ ಮುಗಿದು, ಬಿಡುಗಡೆಯ ಶಾಸ್ತ್ರವೂ ಆಗಿ, ಇನ್ನು ಒಬ್ಬೊಬ್ಬರೇ ಹಾಲು ಕುಡಿಯಬಹುದು ಎಂದು ಹಿರಿಯರು ಹರಸಿ ಎಷ್ಟೋ ಕಾಲವಾಗಿತ್ತು. ಮನೆಯಲ್ಲಿ ನಾನೂ ಒಬ್ಬನೇ ಕುಡಿಯುತ್ತಿದ್ದೆ, ಅವನೂ ಕುಡಿಯುತ್ತಿದ್ದ. ಆದರೆ ಆ ತಿರುವಿನಲ್ಲಿ, ಆ ಬುರುಡೆಯಿಂದ, ಒಬ್ಬರೇ ಎಂಬ ಮಾತೇ ಇರಲಿಲ್ಲ. ಹೀಗೆಂದು ನಾವು ಕೂತು ತೀರ್ಮಾನ ಮಾಡಿದ್ದಲ್ಲ. ನಡೆದುಕೊಂಡು ಬಂತು.

ಹೋದ ಮಳೆಗಾಲದಲ್ಲಿ ಹೊಳೆ ಏರಿ ಸೈಕಲ್ಲಿನವರು ಕೆಲವರು ಆಚೆ ದಡದಲ್ಲಿ ಸಿಕ್ಕಿಕೊಂಡರು. ಅವನು ದಿನವಿಡೀ ಮಳೆಯಲ್ಲಿ ನೆನೆದು, ಮೇಲಿನ ಸೇತುವೆ ಸುತ್ತಿಸಿ ಅವರನ್ನು ಕರೆತಂದ. ಎದೆಗೆ ಶೀತ ಇಳಿಯಿತು. ಕಷಾಯ ಕುಡಿದು ಮಲಗಿದರೆ ಹೋಗುತ್ತದೆ ಎಂದ, ಹೋಗಲಿಲ್ಲ. ನಾನ್ಯುಕಿ ಪಟ್ಟಣದ ಆಸ್ಪತ್ರೆಗೆ ಸಾಗಿಸುವಾಗ ಜೀಪಿನಲ್ಲಿ ಅವನ ತಲೆ ನನ್ನ ತೊಡೆಯ ಮೇಲಿತ್ತು.

“ಸೈಕಲ್ ಒಳಗಿಟ್ರಾ?” ಎಂದು ಕೇಳಿದ.

ಇಟ್ಟಿದ್ದಾರೆ, ಸುಮ್ಮನೆ ಮಲಗು ಎಂದು ಗದರಿದೆ. ನಾನು ಅವನಿಗೆ ಹೇಳಿದ ಕೊನೆಯ ಮಾತು ಅದೇ. ಅವನು ಸುಮ್ಮನೆ ಮಲಗಿದ.

ಅವನ ಹಿರಿಯ ಮಗಳು ರೆಸಿಯಾತೊ. ಅಪ್ಪನ ಓರಗೆಯವರೆಲ್ಲರನ್ನೂ ನಮ್ಮಲ್ಲಿ ಮಕ್ಕಳು ಅಪ್ಪ ಎಂದೇ ಕರೆಯುತ್ತಾರೆ, ಅವಳೂ ನನ್ನನ್ನು ಹಾಗೇ ಕರೆಯುವುದು. ಕಾಲು ಅಪ್ಪನದು, ಹಟವೂ ಅಪ್ಪನದೇ. ಕಚೇರಿಯ ಸೈಕಲ್ಲಿನ ಮೇಲೆ ಅವನ ಹಿಂದೆ ಹೋಗಿ ಹೋಗಿ ಕಾಡಿನ ದಾರಿಯೆಲ್ಲ ಕಲಿತಿದ್ದಳು. ಅಪ್ಪನ ಕೆಲಸ ತನಗೆ ಕೊಡಿ ಎಂದು ಗಿಟೋಂಗಾನನ್ನು ಕೇಳಿದಳು. ಅವನಿಗೂ ಕೊಡುವ ಮನಸ್ಸಿತ್ತು. ಆದರೆ ಕಚೇರಿಯ ಸೈಕಲ್ಲುಗಳು ಹಳತಾಗಿ ಚೌಕಟ್ಟು ಬಿರುಕುಬಿಟ್ಟು ಮೂಲೆ ಸೇರಿದ್ದವು, ಇನ್ನು ಮುಂದೆ ಸ್ವಂತ ಸೈಕಲ್ ಇದ್ದವರಿಗೆ ಮಾತ್ರ ಆ ಕೆಲಸ ಎಂದು ಮೇಲಿನವರ ಕಟ್ಟಪ್ಪಣೆಯಾಗಿತ್ತು. ಈ ವರ್ಷದ ಓಟದಲ್ಲಿ ಹೆಂಗಸರಿಗೆ ಮೊದಲ ಬಹುಮಾನ ಗೇರಿನ ಸೈಕಲ್. ಗೆದ್ದರೆ ಅಪ್ಪನ ಕೆಲಸ ಅವಳದು. ಇಲ್ಲದಿದ್ದರೆ ಬೇರೆ ಊರಿನಿಂದ ಸೈಕಲ್ ಇರುವ ಯಾರನ್ನೋ ತರುತ್ತಾರೆ.

ಓಟದ ಹಿಂದಿನ ಸಂಜೆ ಹಾಲು ಕರೆಯುವ ಹೊತ್ತಿಗೆ ಅವಳು ನನ್ನ ಹಟ್ಟಿಗೆ ಬಂದಳು. ಕೇಳದೆಯೇ ಆ ಬುರುಡೆ ತೆಗೆದು, ಕೆಂಡದ ಕಡ್ಡಿಯಿಂದ ಒಳಗೆಲ್ಲ ಉಜ್ಜಿ, ಬೂದಿ ಕೊಡವಿದಳು. ಹಾಗೇ ತಲೆಯೆತ್ತದೆ ಹೇಳಿದಳು.

“ನಾಳೆ ನಮ್ಮಪ್ಪನ ಬದ್ಲು ನಾನು ನಿಮ್ ಜೊತೆ ಕುಡಿದೇ ಮುಂದಕ್ಕೆ ಹೋಗೋದು.”

ನಾನು ಗದರಿದೆ. “ಬೆಪ್ಪನ ಮಗ್ಳು ಬೆಪ್ಪಿ ಆಗ್ಬೇಡ್ವೇ. ಎತ್ತರದ ನಾಡಿನ ಹುಡ್ಗೀರು ಬರ್ತಾವೆ. ನೀನು ಉಸ್ರು ತಗೊಳ್ಳೋಕೆ ನಿಂತ್ರೂ ಸಾಕು, ಹಾರಿ ಹೋಗ್ತಾವೆ.”

“ಗೊತ್ತು.”

“ಗೊತ್ತಿದ್ಮೇಲೆ ಬಾಯ್ಮುಚ್ಕೊಂಡು ಓಡು.”

“ತುಂಬಿದ ಬುರುಡೆ ಹಿಡ್ಕೊಂಡು ನೀವು ಒಬ್ರೇ ನಿಂತಿದ್ರೆ ನಾನು ಹೆಂಗಪ್ಪ ದಾಟಿ ಹೋಗ್ಲಿ?” ಎಂದಳು. ಬೈದು ಕಳಿಸಿದೆ. ಅವಳೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಬುರುಡೆಯನ್ನು ಬಚ್ಚಿಟ್ಟಿದ್ದರೆ ಮುಗಿಯುತ್ತಿತ್ತಲ್ಲ ಎಂದು ಆಮೇಲೊಂದು ದಿನ ಹೆಂಡತಿ ಅಂದಳು. ಬಚ್ಚಿಟ್ಟಿದ್ದರೆ ಆ ಹುಡುಗಿ ಮೇಜಿನ ಕೆಳಗೆಲ್ಲ ಹುಡುಕುತ್ತ ಇನ್ನೂ ಹೊತ್ತು ಕಳೆಯುತ್ತಿದ್ದಳು. ಅದೂ ಅಲ್ಲದೆ, ಹೇಳಿಬಿಡುತ್ತೇನೆ, ಆ ದಿನ ಆ ಬುರುಡೆ ಕೈಯಲ್ಲಿಲ್ಲದೆ ತಿರುವಿನಲ್ಲಿ ನಿಲ್ಲಲು ನನ್ನಿಂದ ಆಗುತ್ತಿರಲಿಲ್ಲ.

ಬೆಳಗ್ಗೆ ಮೇಜು ಹಾಕಿ, ಲೋಟ ಜೋಡಿಸಿ, ಜಾಲಿಮರಕ್ಕೆ ಬೆನ್ನು ಕೊಟ್ಟು ನಿಂತೆ. ಮರದ ತೊಗಟೆಯಲ್ಲಿ ಸೈಕಲ್ ಹ್ಯಾಂಡಲ್ಲು ಒರಗಿ ಒರಗಿ ನುಣುಪಾದ ಜಾಗವಿದೆ, ಅದು ಬೆನ್ನಿಗೆ ತಾಗುತ್ತಿತ್ತು. ವಿಮಾನ ಹಾರಿತು. ಮೊದಲು ಗಂಡಸರು ಗುಂಪಾಗಿ ಬಂದು ಹೋದರು. ಆಮೇಲೆ ಗುಡ್ಡದ ಅಂಚಿನಲ್ಲಿ ಅವಳು ಕಂಡಳು. ಉದ್ದ ಹೆಜ್ಜೆ, ತಲೆ ಸ್ವಲ್ಪ ಎಡಕ್ಕೆ. ಅವನೇ ಬರುತ್ತಿದ್ದಾನೆ ಅನ್ನಿಸಿ ಒಂದು ಗಳಿಗೆ ನನಗೆ ಏನೂ ತೋಚಲಿಲ್ಲ. ಅವಳ ಬೆನ್ನಿಗೇ, ಈಟಿ ಎಸೆದರೆ ತಾಗುವಷ್ಟು ದೂರದಲ್ಲಿ, ಹಳದಿ ಅಂಗಿಯ ಹುಡುಗಿಯೊಬ್ಬಳು ಅಂಟಿಕೊಂಡೇ ಬರುತ್ತಿದ್ದಳು.

ಓಡು ಎಂದು ಕೈಬೀಸಿದೆ. ಅವಳು ನೋಡಿದ್ದು ನನ್ನ ಕೈಯನ್ನಲ್ಲ, ಬುರುಡೆಯನ್ನು. ಓಟ ನಿಧಾನವಾಯಿತು. ಹೆಜ್ಜೆ ದಾರಿ ಬಿಟ್ಟು ಮೇಜಿನ ಕಡೆ ತಿರುಗಿತು.

ಆಮೇಲಿನದು ಯೋಚಿಸಿ ಮಾಡಿದ್ದಲ್ಲ. ಬುರುಡೆಯ ಮುಚ್ಚಳ ಕಿತ್ತು ಬಾಯಿಗೆ ಎತ್ತಿದೆ. ಅವಳಿಗೆ ಕಾಣುವ ಹಾಗೆ ತಲೆ ಹಿಂದಕ್ಕೆ ಬಾಗಿಸಿ ಗಟಗಟನೆ ಕುಡಿದೆ. ನೆತ್ತಿಗೇರಿತು, ಗಡ್ಡದ ಮೇಲೆಲ್ಲ ಸುರಿಯಿತು, ಆದರೂ ಬುರುಡೆ ಇಳಿಸಲಿಲ್ಲ. ಬರಿದಾದ ಮೇಲೆ ತಲೆಕೆಳಗು ಮಾಡಿ ತೋರಿಸಿದೆ. ಒಂದೇ ಒಂದು ಹನಿ ಮಣ್ಣಿಗೆ ಬಿತ್ತು.

ಅವಳು ನನ್ನ ಮುಖ ನೋಡಿದಳು. ಹಳದಿ ಅಂಗಿಯವಳು ಮೇಜಿನ ಹತ್ತಿರ ಬಂದೇಬಿಟ್ಟಿದ್ದಳು. ರೆಸಿಯಾತೊ ದಾರಿಗೆ ಹಾರಿ ಓಡಿದಳು. ಅಂಥ ಓಟವನ್ನು ನಾನು ಅವಳಪ್ಪನಲ್ಲೂ ಕಂಡಿರಲಿಲ್ಲ.

ಅವರಿಬ್ಬರೂ ಕಣ್ಮರೆಯಾದ ಮೇಲೆ ನಾನು ಕೂತು ಅತ್ತೆ. ಅವನನ್ನು ಮಣ್ಣು ಮಾಡಿದ ದಿನವೂ ಅತ್ತಿರಲಿಲ್ಲ. ನೀರು ಕೇಳಲು ಬಂದ ಓಟಗಾರರು ತಾವೇ ಲೋಟ ತೆಗೆದುಕೊಂಡು ಸದ್ದಿಲ್ಲದೆ ಹೋದರು. ಎಲ್ಲರ ಕೊನೆಗೆ ಬಂದದ್ದು ಕಚೇರಿಯ ಮೋಟರ್‌ಸೈಕಲ್ಲು. ಅದು ತಿರುವಿನಲ್ಲಿ ನಿಲ್ಲಲಿಲ್ಲ.

ಹೊತ್ತು ಇಳಿಯುವಾಗ ಹಟ್ಟಿಯ ಬೇಲಿಯಾಚೆ ಟಿಕಟಿಕ ಸದ್ದು ಕೇಳಿಸಿತು. ರೆಸಿಯಾತೊ ಹೊಸ ಸೈಕಲ್ಲಿನಲ್ಲಿ ಬಂದಿದ್ದಳು. ಅವಳು ಗೆದ್ದ ಸುದ್ದಿ ನನಗೆ ಮೊದಲೇ ಮುಟ್ಟಿತ್ತು, ಆದರೆ ಸೈಕಲ್ಲನ್ನು ಕಣ್ಣಾರೆ ನೋಡಿದಾಗ ಹೊಟ್ಟೆ ತಣ್ಣಗಾಯಿತು. ಸೊಂಟಕ್ಕೆ ಅಪ್ಪನ ಕೆಂಪು ಹೊದಿಕೆ, ತುದಿಯನ್ನು ಚೈನಿಗೆ ಸಿಗದಂತೆ ಎರಡು ಸುತ್ತು ಬಿಗಿದು ಸಿಕ್ಕಿಸಿದ್ದಳು. ಸೈಕಲ್ ಒರಗಿಸಿ ಬಂದು ನನ್ನ ಪಕ್ಕ ನೆಲದ ಮೇಲೆ ಕೂತಳು.

“ಒಬ್ರೇ ಕುಡಿದ್ಬಿಟ್ರಲ್ಲಪ್ಪ” ಎಂದಳು.

“ಹ್ಞೂಂ.”

“ನಮ್ಮಪ್ಪ ಇದ್ದಿದ್ರೆ ಸುಮ್ನೆ ಬಿಡ್ತಿರ್ಲಿಲ್ಲ. ಎಲ್ಲಿದ್ರೂ ಅಲ್ಲಿಂದ ಬಂದು ಬೈತಿದ್ರು.”

“ಬರ್ಲಿ” ಎಂದೆ. “ಕುಡಿದಾಗಿಂದ ಕಾಯ್ತಾನೇ ಇದ್ದೀನಿ.”

ಅವಳು ನನ್ನ ಕೈಯಿಂದ ಖಾಲಿ ಬುರುಡೆ ತೆಗೆದುಕೊಂಡು ತೊಳೆಯಲು ಎದ್ದಳು.